ಪಾಲನೆಗೆ ಬಂದ ಕೂಸನ್ನು ಸುರಕ್ಷಿತವಾಗಿ ಮಲಗಿಸುವುದು: ಶಿಶುಪಾಲಕರಿಗೆ ಮಾರ್ಗದರ್ಶಿ

ತಂದೆತಾಯಿ ಕೆಲಸಕ್ಕೆ ಹೋದ ಹೊತ್ತಿನಲ್ಲಿ ಬೇರೆಯವರ ಮಕ್ಕಳನ್ನು ತಮ್ಮ ಮನೆಯಲ್ಲಿ ಇಟ್ಟುಕೊಂಡು ನೋಡಿಕೊಳ್ಳುವವರು ಮಕ್ಕಳ ಊಟ, ಆಟ, ಶುಚಿತ್ವಗಳ ಬಗ್ಗೆ ಸಾಕಷ್ಟು ಯೋಚಿಸಿಯೇ ಕೆಲಸಕ್ಕೆ ಇಳಿದಿರುತ್ತಾರೆ. ನಿದ್ರೆಯ ಬಗ್ಗೆ ಅಷ್ಟು ಯೋಚಿಸಿರುವುದಿಲ್ಲ. ಮಗು ಮಲಗಿತೆಂದರೆ ಸ್ವಲ್ಪ ಬಿಡುವು ಸಿಕ್ಕಿತು ಎನ್ನಿಸುವುದು ಸಹಜ. ಆದರೆ ಒಂದು ವರ್ಷದೊಳಗಿನ ಕೂಸಿನ ವಿಷಯದಲ್ಲಿ ಅದು ನಿದ್ರಿಸುವ ಹೊತ್ತೇ ನಾವು ಹೆಚ್ಚು ಎಚ್ಚರದಿಂದಿರಬೇಕಾದ ಹೊತ್ತು; ಅದರಲ್ಲೂ ಕೂಸು ಹೊಸದಾಗಿ ಬಂದ ಮೊದಲ ವಾರದಲ್ಲಿ ಈ ಎಚ್ಚರ ಇಮ್ಮಡಿಯಾಗಬೇಕು.

ಆರೋಗ್ಯವಾಗಿಯೇ ಇದ್ದ ಶಿಶು ನಿದ್ರೆಯಲ್ಲಿ ತೀರಿಕೊಂಡು, ಶವಪರೀಕ್ಷೆ, ಸ್ಥಳ ಪರಿಶೀಲನೆ ಮತ್ತು ಆರೋಗ್ಯದ ಹಿನ್ನೆಲೆಯ ವಿಚಾರಣೆ ನಡೆದ ಮೇಲೂ ಕಾರಣ ತಿಳಿಯದೆ ಹೋದಾಗ ವೈದ್ಯರು ಅದನ್ನು ಸಿಡ್ಸ್ ಎಂದು ಕರೆಯುತ್ತಾರೆ. ಇದು ಅಪರೂಪದ್ದೇ. ಹುಟ್ಟಿದ ಎರಡರಿಂದ ನಾಲ್ಕು ತಿಂಗಳ ನಡುವೆ ಇದರ ಸಂಭವ ಹೆಚ್ಚು, ಆರು ತಿಂಗಳು ದಾಟಿದ ಮೇಲೆ ಬಹಳ ಕಡಿಮೆ. ಅವಧಿಗೆ ಮುಂಚೆ ಹುಟ್ಟಿದ, ತೂಕ ಕಡಿಮೆಯಿರುವ ಅಥವಾ ಹೊಗೆಯ ವಾತಾವರಣದಲ್ಲಿ ಬೆಳೆಯುವ ಕೂಸುಗಳಿಗೆ ಅಪಾಯ ಹೆಚ್ಚು. ಇದಲ್ಲದೆ ದಿಂಬು, ಹೊದಿಕೆ, ಮೆತ್ತನೆಯ ಹಾಸಿಗೆ ಮೂಗುಬಾಯಿಗೆ ಅಡ್ಡ ಬಂದು ಉಸಿರು ಕಟ್ಟುವ ಸಾವುಗಳೂ ಇವೆ. ಅವುಗಳ ಕಾರಣ ಸ್ಪಷ್ಟವಾಗಿಯೇ ಇರುತ್ತದೆ ಮತ್ತು ಅವುಗಳನ್ನು ತಡೆಯಬಹುದು.

ಅಮೆರಿಕದಲ್ಲಿ 2000ನೇ ಇಸವಿಯಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ಶಿಶುಪಾಲಕರೆಲ್ಲ ತಿಳಿದಿರಬೇಕು. ಅಲ್ಲಿ ಪರಿಶೀಲಿಸಿದ ಸಿಡ್ಸ್ ಸಾವುಗಳಲ್ಲಿ ಸುಮಾರು ಶೇಕಡಾ 20ರಷ್ಟು, ಮಗು ತಂದೆತಾಯಿಯ ಬಳಿ ಇಲ್ಲದೆ ಬೇರೆಯವರ ಪಾಲನೆಯಲ್ಲಿದ್ದಾಗ ಸಂಭವಿಸಿದ್ದವು. ಆ ವಯಸ್ಸಿನ ಮಕ್ಕಳು ಬೇರೆಯವರ ಬಳಿ ಕಳೆಯುವ ಸಮಯವನ್ನು ಲೆಕ್ಕ ಹಾಕಿದರೆ ಇದು ನಿರೀಕ್ಷೆಗಿಂತ ಬಹಳ ಹೆಚ್ಚು. ಆ ಸಾವುಗಳಲ್ಲಿ ಮೂರನೆಯ ಒಂದು ಭಾಗ ಪಾಲನೆಯ ಮೊದಲ ವಾರದಲ್ಲೇ ಆಗಿದ್ದವು, ಅವುಗಳಲ್ಲಿ ಅರ್ಧದಷ್ಟು ಮೊದಲ ದಿನವೇ. ಪಾಲಕರು ಪ್ರೀತಿಯಿಲ್ಲದವರು ಎಂದು ಇದರ ಅರ್ಥವಲ್ಲ. ಮನೆಯಲ್ಲಿ ಅಂಗಾತ ಮಲಗಿ ರೂಢಿಯಿದ್ದ ಕೂಸನ್ನು, ಅಳು ನಿಲ್ಲಲಿ ಎಂಬ ಒಳ್ಳೆಯ ಉದ್ದೇಶದಿಂದಲೇ ಬೋರಲಾಗಿ ಮಲಗಿಸಿದ್ದು ಮುಖ್ಯ ಕಾರಣಗಳಲ್ಲಿ ಒಂದೆಂದು ಸಂಶೋಧಕರು ಕಂಡುಕೊಂಡರು. ಬೋರಲು ಮಲಗುವ ಅಭ್ಯಾಸವಿಲ್ಲದ ಕೂಸು, ಮುಖ ಹಾಸಿಗೆಗೆ ಒತ್ತಿದಾಗ ತಲೆ ಎತ್ತಿ ಪಕ್ಕಕ್ಕೆ ತಿರುಗಿಸಿಕೊಳ್ಳುವುದನ್ನು ಇನ್ನೂ ಕಲಿತಿರುವುದಿಲ್ಲ. ಹಾಗಾಗಿ ರೂಢಿಯಿಲ್ಲದೆ ಒಮ್ಮೆ ಬೋರಲು ಮಲಗಿಸುವುದು, ದಿನವೂ ಬೋರಲು ಮಲಗುವುದಕ್ಕಿಂತಲೂ ಹೆಚ್ಚು ಅಪಾಯಕಾರಿ.

ಕೂಸು ಬರುವ ಮೊದಲು ಕೇಳಬೇಕಾದದ್ದು

ಪೋಷಕರೊಂದಿಗೆ ಮೊದಲ ಮಾತುಕತೆಯಲ್ಲೇ ನಿದ್ರೆಯ ವಿಷಯವನ್ನು ಬಿಡಿಸಿ ಕೇಳಬೇಕು. ಮಗು ಮನೆಯಲ್ಲಿ ಎಲ್ಲಿ ಮಲಗುತ್ತದೆ, ಅಂಗಾತವೋ ಬೋರಲೋ, ಬಟ್ಟೆಯಲ್ಲಿ ಸುತ್ತಿ ಮಲಗಿಸುತ್ತೀರಾ, ಚೀಪುವ ನಿಪ್ಪಲ್ ಕೊಡುತ್ತೀರಾ, ಹೊರಳಲು ಶುರುಮಾಡಿದೆಯೇ, ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವೇ, ಉಸಿರಾಟದ ಅಥವಾ ಬೇರೆ ತೊಂದರೆಗೆ ವೈದ್ಯರು ಏನಾದರೂ ಸೂಚನೆ ಕೊಟ್ಟಿದ್ದಾರೆಯೇ ಎಂಬುದನ್ನೆಲ್ಲ ಕೇಳಿ ಬರೆದಿಟ್ಟುಕೊಳ್ಳಬೇಕು. ಮನೆಯಲ್ಲಿ ಅಮ್ಮನ ಎದೆಯ ಮೇಲೆ ಅಥವಾ ತೋಳಿನ ಮೇಲೆ ಮಾತ್ರ ನಿದ್ರಿಸುವ ಮಗುವಾಗಿದ್ದರೆ, ಸೇರುವ ಕೆಲವು ವಾರಗಳ ಮೊದಲೇ ದಿನಕ್ಕೊಂದು ನಿದ್ರೆಯನ್ನಾದರೂ ತೊಟ್ಟಿಲಿನಲ್ಲಿ ಅಂಗಾತ ರೂಢಿ ಮಾಡಿಸುವಂತೆ ಪೋಷಕರನ್ನು ಕೇಳಿಕೊಳ್ಳುವುದು ಒಳ್ಳೆಯದು. ಸಾಧ್ಯವಿದ್ದರೆ ಮೊದಲ ಒಂದೆರಡು ನಿದ್ರೆಗಳು ಪೋಷಕರು ಪಕ್ಕದಲ್ಲಿ ಇರುವಾಗಲೇ ನಿಮ್ಮ ಮನೆಯಲ್ಲಿ ಆಗಲಿ. ಹೊಸ ಜಾಗ, ಹೊಸ ವಾಸನೆ, ಹೊಸ ಧ್ವನಿಗಳ ನಡುವೆ ಕೂಸು ಹೆಚ್ಚು ಅಳುತ್ತದೆ, ನಿದ್ರೆ ತಪ್ಪಿ ದಣಿಯುತ್ತದೆ, ದಣಿದ ಮೇಲೆ ಎಚ್ಚರವಾಗದಷ್ಟು ಗಾಢವಾಗಿ ಮಲಗಿಬಿಡುತ್ತದೆ. ಆದ್ದರಿಂದಲೇ ಒಂದೇ ವಾರದಲ್ಲಿ ಇಬ್ಬರು ಹೊಸ ಶಿಶುಗಳನ್ನು ಸೇರಿಸಿಕೊಳ್ಳದಿರುವುದು ಜಾಣತನವೆಂದು ನನ್ನ ಅಭಿಪ್ರಾಯ. ಒಂದರ ಅಳುವಿನಲ್ಲಿ ಇನ್ನೊಂದರ ಕಡೆ ಗಮನ ತಪ್ಪುತ್ತದೆ.

ಅಂಗಾತ, ಪ್ರತಿ ನಿದ್ರೆಗೂ

ನಿಯಮ ಸರಳ: ಒಂದು ವರ್ಷ ತುಂಬುವವರೆಗೆ, ರಾತ್ರಿಯಿರಲಿ ಹಗಲಿರಲಿ, ದೀರ್ಘ ನಿದ್ರೆಯಿರಲಿ ಹತ್ತು ನಿಮಿಷದ ಜೋಂಪಿರಲಿ, ಕೂಸನ್ನು ಅಂಗಾತವೇ ಮಲಗಿಸಬೇಕು. ಬ್ರಿಟನ್ನಿನಲ್ಲಿ 1991ರಲ್ಲಿ ಈ ಬಗ್ಗೆ ದೊಡ್ಡ ಪ್ರಚಾರ ನಡೆಯಿತು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1992ರಲ್ಲಿ ಇದೇ ಸಲಹೆ ನೀಡಿ, 1994ರಿಂದ ಅಲ್ಲೂ ರಾಷ್ಟ್ರಮಟ್ಟದ ಪ್ರಚಾರ ಶುರುವಾಯಿತು. ಮುಂದಿನ ಹತ್ತು ವರ್ಷಗಳಲ್ಲಿ ಎರಡೂ ದೇಶಗಳಲ್ಲಿ ಸಿಡ್ಸ್ ಸಾವಿನ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು. ಔಷಧಿಯಿಲ್ಲದೆ, ಯಂತ್ರವಿಲ್ಲದೆ, ಮಲಗಿಸುವ ಭಂಗಿಯೊಂದನ್ನು ಬದಲಿಸಿ ಇಷ್ಟು ಜೀವಗಳು ಉಳಿದದ್ದು ಮಕ್ಕಳ ಆರೋಗ್ಯದ ಚರಿತ್ರೆಯಲ್ಲಿ ಬಹಳ ದೊಡ್ಡ ಮಾತು.

ಮಗ್ಗುಲಾಗಿ ಮಲಗಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. 1992ರ ಸಲಹೆಯಲ್ಲಿ ಮಗ್ಗುಲಿಗೂ ಒಪ್ಪಿಗೆಯಿತ್ತು, ಆ ಕಾಲದಲ್ಲಿ ಮಕ್ಕಳನ್ನು ಬೆಳೆಸಿದವರಿಗೆ ಅದೇ ನೆನಪಿರುತ್ತದೆ. ಮಗ್ಗುಲಾಗಿ ಮಲಗಿದ ಕೂಸು ಸುಲಭವಾಗಿ ಬೋರಲಿಗೆ ಉರುಳುತ್ತದೆ ಎಂಬುದು ಖಚಿತವಾದ ಮೇಲೆ ಅಕಾಡೆಮಿ 2005ರಲ್ಲಿ ಆ ಒಪ್ಪಿಗೆಯನ್ನು ತೆಗೆದುಹಾಕಿತು.

ಅಂಗಾತ ಮಲಗಿಸಿದರೆ ಕಕ್ಕಿದ ಹಾಲು ನೆತ್ತಿಗೆ ಹತ್ತುತ್ತದೆ ಎಂಬ ಭಯ ಬಹುತೇಕ ಎಲ್ಲರಿಗೂ ಇದೆ. ಇದನ್ನು ಪೋಷಕರಿಗೆ ಸಮಾಧಾನವಾಗಿ ವಿವರಿಸಲು ನಿಮಗೆ ಬರಬೇಕು. ಮಗು ಅಂಗಾತ ಮಲಗಿದಾಗ ಶ್ವಾಸನಾಳ ಮೇಲೆ ಇರುತ್ತದೆ, ಅನ್ನನಾಳ ಅದರ ಕೆಳಗೆ ಇರುತ್ತದೆ. ಹೊಟ್ಟೆಯಿಂದ ಮೇಲೆ ಬಂದ ಹಾಲು ಶ್ವಾಸನಾಳಕ್ಕೆ ಹೋಗಬೇಕಾದರೆ ಮೇಲಕ್ಕೆ ಹತ್ತಬೇಕು. ಅದು ಹಾಗೆ ಹತ್ತದೆ ಅನ್ನನಾಳಕ್ಕೇ ಮರಳುತ್ತದೆ ಅಥವಾ ಬಾಯಿಂದ ಹೊರಗೆ ಹರಿಯುತ್ತದೆ. ಬೋರಲು ಮಲಗಿದಾಗ ಸ್ಥಿತಿ ತಿರುಗುಮುರುಗಾಗಿ, ಹಾಲು ಶ್ವಾಸನಾಳದ ಬಾಯಿಗೇ ಇಳಿಯುವ ಸಾಧ್ಯತೆ ಹೆಚ್ಚುತ್ತದೆ. ಆರೋಗ್ಯವಂತ ಕೂಸು ಕಕ್ಕಿದ್ದನ್ನು ನುಂಗಿಯೋ ಕೆಮ್ಮಿಯೋ ತನ್ನ ಉಸಿರಿನ ದಾರಿಯನ್ನು ತಾನೇ ಕಾಪಾಡಿಕೊಳ್ಳುತ್ತದೆ. ಹಾಲು ಕುಡಿಸಿದ ಮೇಲೆ ಹೆಗಲಿಗೆ ಹಾಕಿಕೊಂಡು ತೇಗು ಬರಿಸಿ, ಸ್ವಲ್ಪ ಹೊತ್ತು ನೆಟ್ಟಗೆ ಎತ್ತಿಕೊಂಡಿದ್ದು ಆಮೇಲೆ ಮಲಗಿಸಿದರೆ ಸಾಕು. ಹಾಸಿಗೆಯ ತಲೆಯ ಭಾಗವನ್ನು ಎತ್ತರಿಸುವ ಅಗತ್ಯವಿಲ್ಲ, ಎತ್ತರಿಸಲೂ ಬಾರದು. ಕೂಸು ಕೆಳಕ್ಕೆ ಜಾರಿ ಗಲ್ಲ ಎದೆಗೆ ಒತ್ತಿಕೊಳ್ಳುತ್ತದೆ.

ಬೋರಲು ಮಲಗಿದ ಕೂಸು ಹೆಚ್ಚು ಗಾಢವಾಗಿ, ಹೆಚ್ಚು ಹೊತ್ತು ನಿದ್ರಿಸುತ್ತದೆ ಎಂಬುದು ನಿಜ. ಅಪಾಯವಿರುವುದೂ ಅಲ್ಲಿಯೇ. ಬಿಟ್ಟ ಉಸಿರು ಮುಖದ ಸುತ್ತಲೇ ನಿಂತು ಮಗು ಅದನ್ನೇ ಮತ್ತೆ ಎಳೆದುಕೊಳ್ಳುವಾಗ, ಆಮ್ಲಜನಕ ಕಡಿಮೆಯಾಗಿದೆಯೆಂದು ಮಿದುಳು ಅದನ್ನು ಎಬ್ಬಿಸಬೇಕು. ಗಾಢ ನಿದ್ರೆಯಲ್ಲಿ ಆ ಎಬ್ಬಿಸುವ ಕೆಲಸ ತಡವಾಗುತ್ತದೆ. ಆದ್ದರಿಂದ ಹಗುರವಾಗಿ ನಿದ್ರಿಸುವ, ಆಗಾಗ ಎಚ್ಚರವಾಗುವ ಕೂಸನ್ನು ಕಂಡು ಬೇಸರಪಡಬೇಕಾಗಿಲ್ಲ.

ಮಗು ಎರಡೂ ಕಡೆಗೆ, ಅಂದರೆ ಅಂಗಾತದಿಂದ ಬೋರಲಿಗೂ ಬೋರಲಿನಿಂದ ಅಂಗಾತಕ್ಕೂ, ಸಲೀಸಾಗಿ ತಾನೇ ಹೊರಳುವಂತಾದ ಮೇಲೆ ಅದನ್ನು ಅಂಗಾತ ಮಲಗಿಸಿ, ಆಮೇಲೆ ತಾನಾಗಿ ತಿರುಗಿದರೆ ಹಾಗೆಯೇ ಬಿಡಬಹುದು. ಒಂದೇ ಕಡೆಗೆ ಹೊರಳುವುದನ್ನು ಕಲಿತ ಹಂತದಲ್ಲಿ ಮಾತ್ರ ಮೆಲ್ಲಗೆ ಅಂಗಾತಕ್ಕೆ ತಿರುಗಿಸಬೇಕು. ಬಟ್ಟೆಯಲ್ಲಿ ಸುತ್ತಿ ಮಲಗಿಸುವ ರೂಢಿಯಿದ್ದರೆ, ಹೊರಳುವ ಮೊದಲ ಸೂಚನೆ ಕಂಡ ಕೂಡಲೇ ಅದನ್ನು ನಿಲ್ಲಿಸಬೇಕು, ಏಕೆಂದರೆ ಕೈ ಕಟ್ಟಿದ ಸ್ಥಿತಿಯಲ್ಲಿ ಬೋರಲು ಬಿದ್ದ ಕೂಸಿಗೆ ತಲೆ ಎತ್ತಲು ಊರಿಕೊಳ್ಳುವ ಆಧಾರವೇ ಇರುವುದಿಲ್ಲ. ಇನ್ನು ತಲೆಯ ಹಿಂಭಾಗ ಚಪ್ಪಟೆಯಾಗುವ ಚಿಂತೆಗೆ ಪರಿಹಾರ ಎಚ್ಚರದ ಹೊತ್ತಿನಲ್ಲಿದೆ: ಮಗು ಎದ್ದಿರುವಾಗ, ನೀವು ಎದುರಿಗೇ ಕುಳಿತು, ದಿನಕ್ಕೆ ಹಲವು ಸಲ ಸ್ವಲ್ಪ ಸ್ವಲ್ಪ ಹೊತ್ತು ಬೋರಲಾಗಿ ಆಡಿಸಿದರೆ ಕತ್ತಿಗೂ ಭುಜಕ್ಕೂ ಬಲ ಬರುತ್ತದೆ.

ತೊಟ್ಟಿಲು ಮತ್ತು ಅದರ ಜಾಗ

ಪ್ರತಿ ಶಿಶುವಿಗೂ ತನ್ನದೇ ತೊಟ್ಟಿಲು ಅಥವಾ ಕಟಕಟೆಯಿರುವ ಮಂಚ ಬೇಕು. ಅವಳಿಗಳಾದರೂ ಒಂದೇ ಹಾಸಿಗೆಯಲ್ಲಿ ಮಲಗಿಸಬಾರದು. ಹಾಸಿಗೆ ಸಮತಟ್ಟಾಗಿ, ಗಟ್ಟಿಯಾಗಿ ಇರಬೇಕು. ಅಂಗೈಯನ್ನು ಬಲವಾಗಿ ಒತ್ತಿ ತೆಗೆದು ನೋಡಿ: ಕೈಯ ಅಚ್ಚು ಉಳಿದು ನಿಧಾನವಾಗಿ ತುಂಬಿಕೊಂಡರೆ ಆ ಹಾಸಿಗೆ ಕೂಸಿಗೆ ತಕ್ಕದ್ದಲ್ಲ. ನಮಗೆ ಹಿತವೆನಿಸುವ ಮೆತ್ತನೆಯ ಹಾಸಿಗೆಯಲ್ಲಿ ಕೂಸಿನ ತಲೆ ಹೂತು ಹೋಗುತ್ತದೆ. ಹಾಸಿಗೆ ಮತ್ತು ಚೌಕಟ್ಟಿನ ನಡುವೆ ಎರಡು ಬೆರಳಿಗಿಂತ ಹೆಚ್ಚು ಸಂದಿ ಇರಬಾರದು, ಕಟಕಟೆಯ ಸರಳುಗಳ ನಡುವಿನ ಅಂತರ 6 ಸೆಂಟಿಮೀಟರ್ ಮೀರಬಾರದು. ಮೇಲುಹಾಸು ನಾಲ್ಕು ಮೂಲೆಗೂ ಬಿಗಿಯಾಗಿ ಕೂತಿರಬೇಕು. ಬಳಸಿದ ತೊಟ್ಟಿಲನ್ನು ತೆಗೆದುಕೊಳ್ಳುವುದಾದರೆ ತಿರುಪು ಸಡಿಲವಾಗಿದೆಯೇ, ಸರಳು ಮುರಿದಿದೆಯೇ, ಚೂಪು ತುದಿಗಳಿವೆಯೇ ಎಂದು ಒಂದೊಂದಾಗಿ ಮುಟ್ಟಿ ನೋಡಬೇಕು. ಒಂದು ಬದಿಯನ್ನು ಮೇಲೆ ಕೆಳಗೆ ಜಾರಿಸುವಂಥ ಹಳೆಯ ಮಾದರಿಯನ್ನು ಮಾತ್ರ ಬೇಡವೆನ್ನಿ. ಆ ಬದಿ ಕಳಚಿಕೊಂಡು ಮಕ್ಕಳು ಸಿಕ್ಕಿಕೊಂಡ ಪ್ರಕರಣಗಳಿಂದಾಗಿ ಅಮೆರಿಕದಲ್ಲಿ 2011ರಿಂದ ಅದರ ಮಾರಾಟ ನಿಂತಿದೆ.

ತೊಟ್ಟಿಲಿನೊಳಗೆ ಕೂಸು, ಹಾಸಿಗೆ, ಬಿಗಿಯಾದ ಮೇಲುಹಾಸು ಇಷ್ಟೇ ಇರಬೇಕು. ದಿಂಬು, ರಗ್ಗು, ಸಡಿಲ ಹೊದಿಕೆ, ಮೆತ್ತನೆಯ ಗೊಂಬೆ, ಕೂಸು ಉರುಳದಂತೆ ಇಡುವ ಸುರುಳಿಗಳು, ತಲೆ ಗುಂಡಾಗಲೆಂದು ಮಾರುವ ವಿಶೇಷ ದಿಂಬುಗಳು ಯಾವುವೂ ಬೇಡ. ಕಟಕಟೆಯ ಸುತ್ತ ಕಟ್ಟುವ ಮೆತ್ತೆಗಳು ನೋಡಲು ಎಷ್ಟೇ ಚೆನ್ನಾಗಿದ್ದರೂ ಉಸಿರು ಕಟ್ಟಿಸುತ್ತವೆ. ಅಮೆರಿಕದ 2022ರ ಕಾನೂನು ಅವುಗಳನ್ನೂ, 10 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಮಲಗಿಸುವ ಶಿಶುಹಾಸಿಗೆಗಳನ್ನೂ ನಿಷೇಧಿಸಿದೆ. ಅಂಗಡಿಯಲ್ಲಿ ಒಂದು ವಸ್ತು ಸಿಗುತ್ತದೆ ಎಂಬುದು ಅದು ಸುರಕ್ಷಿತ ಎಂಬುದಕ್ಕೆ ಸಾಕ್ಷಿಯಲ್ಲ ಎಂಬುದನ್ನು ಪೋಷಕರು ಉಡುಗೊರೆಯಾಗಿ ಬಂದ ದಿಂಬನ್ನು ಚೀಲದಿಂದ ತೆಗೆದಾಗ ನೆನಪಿಟ್ಟುಕೊಳ್ಳಬೇಕು. ದೊಡ್ಡ ಮಕ್ಕಳಿರುವ ಮನೆಯಲ್ಲಿ ಇನ್ನೊಂದು ಎಚ್ಚರ ಬೇಕು: ಎರಡು ಮೂರು ವರ್ಷದ ಮಗು ಅಳುವ ಪಾಪುವಿಗೆ ಪ್ರೀತಿಯಿಂದಲೇ ತನ್ನ ಗೊಂಬೆಯನ್ನೋ ಬಿಸ್ಕತ್ತನ್ನೋ ಕಟಕಟೆಯೊಳಗೆ ಹಾಕಿಬಿಡುತ್ತದೆ.

ತೊಟ್ಟಿಲು ಕಿಟಕಿ, ಪರದೆ, ಹೀಟರ್, ವಿದ್ಯುತ್ ತಂತಿಗಳಿಂದ ದೂರ ಇರಲಿ. ಕಿಟಕಿ ಪರದೆಯ ಎಳೆಯುವ ದಾರ ಕತ್ತಿಗೆ ಬಿಗಿದು ಮಕ್ಕಳು ಸತ್ತದ್ದಿದೆ, ಆದ್ದರಿಂದ ದಾರವನ್ನು ಮಗುವಿನ ಕೈಗೆ ಎಂದೂ ಎಟುಕದಷ್ಟು ಎತ್ತರದಲ್ಲಿ ಕಟ್ಟಬೇಕು. ಸೊಳ್ಳೆಪರದೆ ಹಾಕುವುದಾದರೆ ಅದು ಒಳಕ್ಕೆ ಜೋತುಬೀಳದಂತೆ ಬಿಗಿಯಾಗಿರಬೇಕು. ಆ ಮನೆಯಲ್ಲಿ ಯಾರೂ, ಮಕ್ಕಳಿಲ್ಲದ ಹೊತ್ತಿನಲ್ಲೂ, ಬೀಡಿ ಸಿಗರೇಟು ಸೇದಬಾರದು.

ಬಟ್ಟೆ ಮತ್ತು ಸೆಕೆ

ಅತಿಯಾದ ಶಾಖವೂ ಸಿಡ್ಸ್ ಅಪಾಯವನ್ನು ಹೆಚ್ಚಿಸುತ್ತದೆ. ಚಳಿಯ ದೇಶಗಳಲ್ಲಿ ಕೋಣೆಯ ಉಷ್ಣತೆ 16ರಿಂದ 20 ಡಿಗ್ರಿ ಸೆಲ್ಸಿಯಸ್ ಇರಲಿ ಎನ್ನುತ್ತಾರೆ; ಅದಕ್ಕಿಂತ ಬೆಚ್ಚಗಿರುವ ಕಡೆ ತೆಳು ಬಟ್ಟೆ ಮತ್ತು ಒಳ್ಳೆಯ ಗಾಳಿಯಾಟದಿಂದ ಸರಿದೂಗಿಸಬೇಕು. ಆ ಕೋಣೆಯಲ್ಲಿ ನೀವು ಹಾಯಾಗಿರಲು ಹಾಕಿಕೊಳ್ಳುವಷ್ಟು ಬಟ್ಟೆ, ಹೆಚ್ಚೆಂದರೆ ಅದರ ಮೇಲೆ ಒಂದು ಪದರ, ಕೂಸಿಗೆ ಸಾಕು. ಕೈಕಾಲು ತಣ್ಣಗಿರುವುದನ್ನು ನೋಡಿ ಮೋಸಹೋಗಬೇಡಿ, ಶಿಶುಗಳಿಗೆ ಅದು ಸಹಜ. ಎರಡು ಬೆರಳನ್ನು ಕತ್ತಿನ ಹಿಂಭಾಗಕ್ಕೆ ಅಥವಾ ಎದೆಯ ಮೇಲೆ ಇಟ್ಟು ನೋಡಿ: ಬೆವರಿದ್ದರೆ ಅಥವಾ ಬಿಸಿಯಾಗಿದ್ದರೆ ಒಂದು ಪದರ ತೆಗೆಯಿರಿ. ಮನೆಯೊಳಗೆ ಮಲಗಿಸುವಾಗ ಕುಲಾವಿಯನ್ನು ತೆಗೆದುಬಿಡಬೇಕು, ಏಕೆಂದರೆ ಕೂಸು ಮೈಯ ಹೆಚ್ಚುವರಿ ಶಾಖವನ್ನು ತಲೆಯ ಮೂಲಕವೂ ಹೊರಹಾಕಿ ತಂಪಾಗುತ್ತದೆ, ಜೊತೆಗೆ ಕುಲಾವಿ ಜಾರಿ ಮುಖದ ಮೇಲೆ ಬರಬಹುದು. ಚಳಿಯಿದ್ದರೆ ಹೊದಿಕೆಯ ಬದಲು ತೊಡಿಸುವಂಥ ಸ್ಲೀಪಿಂಗ್ ಬ್ಯಾಗ್ ಒಳ್ಳೆಯದು. ತಲೆ ಒಳಕ್ಕೆ ಜಾರದಂತೆ ಕತ್ತು ಮತ್ತು ತೋಳಿನ ಅಳತೆ ಸರಿಯಾಗಿರಬೇಕು, ಭಾರ ತುಂಬಿದ ಬಗೆಯದ್ದು ಬೇಡ.

ಚೀಪುವ ನಿಪ್ಪಲ್ ರೂಢಿಯಿರುವ ಮಗುವಿಗೆ ನಿದ್ರೆಯ ಹೊತ್ತಿಗೆ ಅದನ್ನು ಕೊಡಬಹುದು. ಅದು ಸಿಡ್ಸ್ ಅಪಾಯವನ್ನು ತಗ್ಗಿಸುತ್ತದೆಂದು ಅಧ್ಯಯನಗಳು ತೋರಿಸಿವೆ. ಅದಕ್ಕೆ ದಾರ, ಸರಪಳಿ, ಗೊಂಬೆ ಕಟ್ಟಿರಬಾರದು. ನಿದ್ರೆಯಲ್ಲಿ ಬಾಯಿಂದ ಬಿದ್ದರೆ ಮತ್ತೆ ಇಡಬೇಕಾಗಿಲ್ಲ. ಸರ, ದೃಷ್ಟಿದಾರ, ಬಿಬ್ಬುಗಳನ್ನು ಮಲಗಿಸುವ ಮೊದಲೇ ತೆಗೆಯಬೇಕು. ಹಾಲಿನ ಬಾಟಲಿಯನ್ನು ಬಾಯಿಗೆ ಒರಗಿಸಿಟ್ಟು ಮಲಗಿಸುವುದಂತೂ ಎಂದಿಗೂ ಕೂಡದು.

ಮಲಗುವ ಜಾಗವಲ್ಲದ ಕಡೆ ನಿದ್ರೆ ಬಂದರೆ

ಬೆಳಿಗ್ಗೆ ಪೋಷಕರು ಕಾರಿನ ಶಿಶು ಆಸನದಲ್ಲೇ ನಿದ್ರಿಸುತ್ತಿರುವ ಕೂಸನ್ನು ತಂದು, "ಈಗತಾನೇ ಮಲಗಿದೆ, ಎಬ್ಬಿಸಬೇಡಿ" ಎಂದು ಹೇಳಿ ಹೋಗುವುದು ಸಾಮಾನ್ಯ. ಆ ಆಸನ ಚಲಿಸುವ ಕಾರಿನಲ್ಲಿ ಜೀವ ಉಳಿಸುವಂಥದ್ದು, ಆದರೆ ನೆಲದ ಮೇಲಿಟ್ಟಾಗ ಅದು ಮಲಗುವ ಜಾಗವಲ್ಲ. ಕತ್ತು ನಿಲ್ಲದ ಕೂಸಿನ ತಲೆ ಮುಂದಕ್ಕೆ ಬಾಗಿ, ಗಲ್ಲ ಎದೆಗೆ ತಾಗಿ, ಕಿರಿದಾದ ಶ್ವಾಸನಾಳ ಮಡಚಿಕೊಳ್ಳುತ್ತದೆ. ಹಿತವಾಗಲೆಂದು ಪಟ್ಟಿ ಸಡಿಲಿಸಿದರೆ ಕೂಸು ಕೆಳಕ್ಕೆ ಜಾರಿ ಪಟ್ಟಿ ಕತ್ತಿಗೆ ಸಿಕ್ಕಿಕೊಳ್ಳುತ್ತದೆ. ಪೋಷಕರು ಬಾಗಿಲಲ್ಲಿ ಇರುವಾಗಲೇ ಪಟ್ಟಿ ಪೂರ್ತಿ ಬಿಚ್ಚಿ, ಒಂದು ಕೈಯನ್ನು ತಲೆ ಮತ್ತು ಕತ್ತಿನ ಕೆಳಗೆ, ಇನ್ನೊಂದನ್ನು ಸೊಂಟದ ಕೆಳಗೆ ಕೊಟ್ಟು ಎತ್ತಿ, ತೊಟ್ಟಿಲಿನಲ್ಲಿ ಮೊದಲು ಸೊಂಟ, ಆಮೇಲೆ ಬೆನ್ನು, ಕೊನೆಗೆ ತಲೆ ತಾಗುವಂತೆ ಇಳಿಸಿ, ಎದೆಯ ಮೇಲೆ ಅಂಗೈಯನ್ನು ಸ್ವಲ್ಪ ಹೊತ್ತು ಹಾಗೆಯೇ ಇಟ್ಟುಕೊಂಡಿರಿ. ಎಷ್ಟೋ ಕೂಸುಗಳು ಹೀಗೆ ಇಳಿಸಿದರೆ ಎಚ್ಚರವಾಗುವುದಿಲ್ಲ. ಎಚ್ಚರವಾದರೂ ಚಿಂತೆಯಿಲ್ಲ, ಮತ್ತೆ ಮಲಗಿಸಿದರಾಯಿತು.

ತೂಗುವ ಆಸನ, ಬೌನ್ಸರ್, ಬಟ್ಟೆಯ ಜೋಲಿ ಮುಂತಾಗಿ ಮಗುವಿನ ಬೆನ್ನು ಬಾಗಿಸುವ ಎಲ್ಲಕ್ಕೂ ಇದೇ ನಿಯಮ. ಮೈಗೆ ಕಟ್ಟಿಕೊಳ್ಳುವ ಜೋಳಿಗೆಯಲ್ಲಿ ಮಗುವಿನ ಮುಖ ಸದಾ ಕಾಣುವಂತಿರಬೇಕು, ಗಲ್ಲಕ್ಕೂ ಎದೆಗೂ ನಡುವೆ ಅಂತರವಿರಬೇಕು. ಎಲ್ಲಕ್ಕಿಂತ ಅಪಾಯಕಾರಿ ಜಾಗ ಸೋಫಾ: ಕೂಸನ್ನು ಅಪ್ಪಿಕೊಂಡು ಕುಳಿತ ದೊಡ್ಡವರು ತೂಕಡಿಸಿದರೆ ಅದು ಮೈಗೂ ಮೆತ್ತೆಗೂ ನಡುವಿನ ಸಂದಿಗೆ ಜಾರುತ್ತದೆ. ದಣಿವಾಗಿದ್ದರೆ ಸೋಫಾದಲ್ಲಿ ಕುಳಿತು ಹಾಲು ಕುಡಿಸಬೇಡಿ, ಪಾಲನೆಯ ಕೂಸಿನ ಜೊತೆ ನೀವು ಎಂದೂ ಮಲಗಬೇಡಿ.

ನಿಗಾ

ನಿದ್ರಿಸುವ ಶಿಶು ನಿಮ್ಮ ಕಣ್ಣಿಗೆ ಕಾಣುವಂತೆ, ಇಲ್ಲವೇ ಸದ್ದು ಕೇಳುವಷ್ಟು ಹತ್ತಿರ ಇರಬೇಕು. ಹತ್ತು ನಿಮಿಷಕ್ಕೊಮ್ಮೆ ಬಳಿಗೆ ಹೋಗಿ ಎದೆ ಏರಿಳಿಯುವುದನ್ನು, ತುಟಿ ಮತ್ತು ಮುಖದ ಬಣ್ಣವನ್ನು, ಮಲಗಿದ ಭಂಗಿಯನ್ನು ನೋಡುವುದು ಒಳ್ಳೆಯ ರೂಢಿ. ಮೊದಲ ವಾರದಲ್ಲಿ ಮತ್ತು ನೆಗಡಿ ಜ್ವರವಿರುವಾಗ ಅದಕ್ಕಿಂತ ಬೇಗ ಬೇಗ. ಬಣ್ಣ ಗುರುತಿಸುವಷ್ಟು ಬೆಳಕು ಕೋಣೆಯಲ್ಲಿ ಇರಲೇಬೇಕು, ಪೂರ್ತಿ ಕತ್ತಲು ಮಾಡಬಾರದು. ಕ್ಯಾಮೆರಾ, ಮಾನಿಟರ್‌ಗಳು ನಿಮ್ಮ ಕಣ್ಣಿಗೆ ಸಹಾಯಕವಷ್ಟೇ. ಉಸಿರು ನಾಡಿಗಳನ್ನು ಅಳೆಯುವ ಕಾಲುಚೀಲದಂಥ ಸಾಧನಗಳು ಸಿಡ್ಸ್ ತಡೆಯುತ್ತವೆಂಬುದಕ್ಕೆ ಆಧಾರವಿಲ್ಲ, ಅವುಗಳನ್ನು ನಂಬಿ ಬೇರೆ ನಿಯಮ ಸಡಿಲಿಸುವುದು ದೊಡ್ಡ ತಪ್ಪು. ಮಲಗಿಸಿದ ಸಮಯ, ನೋಡಿದ ಸಮಯ, ಎದ್ದ ಸಮಯವನ್ನು ಒಂದು ಪುಸ್ತಕದಲ್ಲಿ ಬರೆಯಿರಿ. ಬರೆಯಬೇಕೆಂಬ ಕಾರಣಕ್ಕಾದರೂ ಎದ್ದು ಹೋಗಿ ನೋಡುತ್ತೇವೆ. ನಿಮ್ಮ ಬದಲು ಒಂದು ಗಂಟೆ ಯಾರಾದರೂ ನೋಡಿಕೊಳ್ಳುವುದಾದರೆ, ಅವರು ಮನೆಯವರೇ ಆಗಿರಲಿ, ಈ ನಿಯಮಗಳನ್ನೆಲ್ಲ ಅವರಿಗೆ ಹೇಳಿಕೊಟ್ಟಿರಬೇಕು.

ಪೋಷಕರು ಬೇರೆ ರೀತಿ ಕೇಳಿದರೆ

"ನಮ್ಮ ಮಗು ಬೋರಲು ಮಲಗಿಸಿದರೆ ಮಾತ್ರ ನಿದ್ರೆ ಮಾಡುತ್ತದೆ, ಮನೆಯಲ್ಲಿ ಹಾಗೇ ಮಾಡುತ್ತೇವೆ" ಎಂದು ತಾಯಿಯೊಬ್ಬರು ಹೇಳಿದಾಗ ಬೇಡವೆನ್ನುವುದು ಕಷ್ಟ. ಅದು ಅವರ ಮಗು, ಅವರನ್ನು ನೋಯಿಸುವ ಉದ್ದೇಶ ಯಾರಿಗೂ ಇರುವುದಿಲ್ಲ. ಆದರೂ ಇಲ್ಲಿ ಮಣಿಯಬಾರದು. ನಿದ್ರೆಯ ನಿಯಮಗಳನ್ನು ಒಂದು ಹಾಳೆಯಲ್ಲಿ ಬರೆದು, ಸೇರುವ ದಿನವೇ ಓದಿಸಿ ಸಹಿ ಹಾಕಿಸಿಕೊಂಡಿದ್ದರೆ ಆಮೇಲೆ ಮಾತು ಸುಲಭವಾಗುತ್ತದೆ. "ನಮ್ಮಲ್ಲಿ ಎಲ್ಲ ಪಾಪುಗಳನ್ನೂ ಅಂಗಾತವೇ ಮಲಗಿಸುತ್ತೇವೆ. ಮೊದಮೊದಲು ಅತ್ತರೂ ಪಕ್ಕದಲ್ಲೇ ಕುಳಿತು ತಟ್ಟಿ ಸಮಾಧಾನ ಮಾಡುತ್ತೇನೆ, ಅಳುವುದಕ್ಕೆ ಬಿಡುವುದಿಲ್ಲ. ಬೇರೆ ಭಂಗಿ ಬೇಕೇಬೇಕೆಂದರೆ ಡಾಕ್ಟರಿಂದ ಬರೆಸಿಕೊಂಡು ಬನ್ನಿ" ಎಂದು ಹೇಳಿದರೆ ಬಹುತೇಕರು ಒಪ್ಪುತ್ತಾರೆ. ಕೆಲವು ಅಪರೂಪದ ಕಾಯಿಲೆಗಳಲ್ಲಿ ವೈದ್ಯರೇ ಬೇರೆ ಭಂಗಿ ಸೂಚಿಸುವುದುಂಟು. ಆಗ ಮಗುವಿನ ಹೆಸರು, ಭಂಗಿ, ಅವಧಿ ನಮೂದಾದ ಲಿಖಿತ ಸೂಚನೆ ಇರಬೇಕು. ಒಪ್ಪದವರ ಮಗುವನ್ನು ತೆಗೆದುಕೊಳ್ಳದಿರುವುದೇ ಮೇಲು.

ಉಸಿರಾಟ ಕಾಣದಿದ್ದರೆ

ಕೂಸು ಉಸಿರಾಡುತ್ತಿಲ್ಲವೆಂದು ಕಂಡರೆ ಅಂಗಾಲು ತಟ್ಟಿ, ಹೆಸರು ಹಿಡಿದು ಕೂಗಿ; ಕುಲುಕಬಾರದು. ಪ್ರತಿಕ್ರಿಯೆ ಇಲ್ಲದಿದ್ದರೆ ಗಟ್ಟಿಯಾದ ಸಮತಟ್ಟು ಜಾಗದಲ್ಲಿ ಅಂಗಾತ ಮಲಗಿಸಿ, ತಡಮಾಡದೆ ಕೃತಕ ಉಸಿರಾಟ ಮತ್ತು ಎದೆ ಒತ್ತುವಿಕೆಯನ್ನು ಆರಂಭಿಸಬೇಕು. ಇನ್ನೊಬ್ಬರಿದ್ದರೆ ಅವರು ತುರ್ತು ಸೇವೆಗೆ ಕರೆ ಮಾಡಲಿ, ಒಬ್ಬರೇ ಇದ್ದರೆ ಫೋನಿನ ಸ್ಪೀಕರ್ ಹಾಕಿ ಪಕ್ಕದಲ್ಲಿಟ್ಟುಕೊಂಡೇ ಮಾಡಿ. ಸಹಾಯ ಬರುವವರೆಗೂ ನಿಲ್ಲಿಸಬೇಡಿ. ಶಿಶುಗಳಿಗೆ ಇದನ್ನು ಮಾಡುವ ಕ್ರಮ ದೊಡ್ಡವರಿಗಿಂತ ಬೇರೆ, ಅದನ್ನು ಓದಿ ಕಲಿಯಲು ಆಗುವುದಿಲ್ಲ. ಮೊದಲ ಶಿಶುವನ್ನು ಪಾಲನೆಗೆ ತೆಗೆದುಕೊಳ್ಳುವ ಮುನ್ನವೇ ಪ್ರಥಮ ಚಿಕಿತ್ಸೆಯ ತರಬೇತಿಯಲ್ಲಿ ಗೊಂಬೆಯ ಮೇಲೆ ಮಾಡಿ ಕಲಿತು, ಕಾಲಕಾಲಕ್ಕೆ ಮತ್ತೆ ಅಭ್ಯಾಸ ಮಾಡಬೇಕು. ತುರ್ತು ಸಂಖ್ಯೆ, ನಿಮ್ಮ ಮನೆಯ ಪೂರ್ತಿ ವಿಳಾಸ ಮತ್ತು ಗುರುತು, ಪೋಷಕರ ಫೋನ್ ಸಂಖ್ಯೆಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿರಿ, ಗಾಬರಿಯಲ್ಲಿ ಸ್ವಂತ ವಿಳಾಸವೂ ಬಾಯಿಗೆ ಬರುವುದಿಲ್ಲ. ಕೂಸು ಮತ್ತೆ ಉಸಿರಾಡಿ ಚೇತರಿಸಿಕೊಂಡಂತೆ ಕಂಡರೂ ಅದೇ ಹೊತ್ತಿಗೆ ವೈದ್ಯರಿಗೆ ತೋರಿಸಲೇಬೇಕು, ಪೋಷಕರಿಗೆ ನಡೆದದ್ದನ್ನು ನಡೆದಂತೆಯೇ ತಿಳಿಸಬೇಕು.